ಹೈಡಾಟಿಡ್ ಸಿಸ್ಟ್: ಆಪರೇಷನ್ ರಿಜಿಸ್ಟರ್ ನೋಡಿ ರೋಗದ ಲೆಕ್ಕ ಹೇಳಬಹುದೇ?

ಕಿರಿಯ ಸರ್ಜನ್ · ಸೋಮವಾರ ರಾತ್ರಿ 9:40

ಸ್ನಾತಕೋತ್ತರ ಪ್ರಬಂಧಕ್ಕೆ ಹೈಡಾಟಿಡ್ ಸಿಸ್ಟ್ (ನಾಯಿಯ ಲಾಡಿ ಹುಳುವಿನ ಮರಿಯಿಂದ ಮನುಷ್ಯನ ಅಂಗಗಳಲ್ಲಿ ಬೆಳೆಯುವ ನೀರುಚೀಲ) ವಿಷಯ ತೆಗೆದುಕೊಂಡಿದ್ದೇನೆ. ಹತ್ತು ವರ್ಷಗಳ ಆಪರೇಷನ್ ರಿಜಿಸ್ಟರ್‌ಗಳ ಧೂಳು ಕೊಡವಿ, ಒಂದೊಂದೇ ಹೆಸರು ಹೆಕ್ಕಿ ಪಟ್ಟಿ ಮಾಡಿದ್ದಾಯಿತು. ಪಟ್ಟಿಯಲ್ಲಿ ಹೆಂಗಸರೇ ಹೆಚ್ಚು. ವಯಸ್ಸು ಬಹುಪಾಲು ಮೂವತ್ತರ ಆಸುಪಾಸು. ಅಂಗಗಳಲ್ಲಿ ಯಕೃತ್ತು ಎಲ್ಲಕ್ಕಿಂತ ಮುಂದೆ, ಬಹಳ ಹಿಂದೆ ಶ್ವಾಸಕೋಶ. ಇಷ್ಟು ನೋಡಿದ ಮೇಲೆ, 'ಈ ರೋಗ ಮೂವತ್ತರ ಆಸುಪಾಸಿನ ಹೆಂಗಸರನ್ನು ಹೆಚ್ಚಾಗಿ ಕಾಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಕಡಿಮೆಯಾಗುತ್ತಿದೆ' ಎಂದು ಬರೆದುಕೊಂಡು ಹೋದೆ. ಮಾರ್ಗದರ್ಶಕರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಇದು ರೋಗದ ಲೆಕ್ಕವೋ, ಆಪರೇಷನ್ ಟೇಬಲ್ಲಿನ ಲೆಕ್ಕವೋ?' ಎಂದು ಬರೆದು ವಾಪಸು ಕೊಟ್ಟರು. ಅರ್ಥ ಕೇಳುವ ಧೈರ್ಯ ಬರಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹಳೇ ಕತ್ತರಿ · ಸೋಮವಾರ ರಾತ್ರಿ 10:15

ನಿಮ್ಮ ಮಾರ್ಗದರ್ಶಕರು ಪುಣ್ಯಾತ್ಮರು. ನನ್ನ ಕಾಲದಲ್ಲಿ ಅಂಥ ಸಾಲು ಹಾಗೆಯೇ ಅಚ್ಚಿಗೆ ಹೋಗುತ್ತಿತ್ತು. ನಾನೂ ಕಳಿಸಿದ್ದೇನೆ, ಈಗ ಓದಿದರೆ ನಾಚಿಕೆಯಾಗುತ್ತದೆ.

ವಯಸ್ಸಿನಿಂದಲೇ ಶುರು ಮಾಡೋಣ. ಮೂವತ್ತು ಎಂಬುದು ಆಪರೇಷನ್ ಆದ ವಯಸ್ಸು. ಸೋಂಕು ತಗುಲಿದ ವಯಸ್ಸು ಯಾವುದು? ಅದು ನಿಮ್ಮ ರಿಜಿಸ್ಟರಿನಲ್ಲಿ ಇಲ್ಲ, ರೋಗಿಗೂ ಗೊತ್ತಿಲ್ಲ. ಸಿಸ್ಟ್ ವರ್ಷಕ್ಕೆ ಒಂದರಿಂದ ಐದು ಸೆಂಟಿಮೀಟರ್ ಬೆಳೆಯುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಕೆಲವು ಸಿಸ್ಟ್‌ಗಳು ವರ್ಷಗಟ್ಟಲೆ ಇದ್ದಷ್ಟೇ ಇರುತ್ತವೆ. ಕೆಲವು ಯಾರ ಔಷಧಿಯೂ ಇಲ್ಲದೆ ತಾವಾಗಿಯೇ ಬತ್ತಿ ಸುಣ್ಣಗಟ್ಟುತ್ತವೆ. ಯಕೃತ್ತು ದೊಡ್ಡ ಅಂಗ. ಬಲಭಾಗದಲ್ಲಿ ಕಿತ್ತಳೆಯಷ್ಟು ದೊಡ್ಡ ನೀರುಚೀಲ ಕುಳಿತರೂ ಗೊಣಗುವುದಿಲ್ಲ. ಬಾಲ್ಯದಲ್ಲಿ ತಗುಲಿದ್ದು ಮೂವತ್ತಕ್ಕೆ ನೋವು ಕೊಟ್ಟು ನನ್ನ ಮುಂದೆ ಬರುತ್ತದೆ. ಹಾಗಾಗಿ ನಿಮ್ಮ ಪಟ್ಟಿಯಲ್ಲಿರುವುದು ಇವತ್ತಿನ ಸೋಂಕು ಅಲ್ಲ, ಹತ್ತಿಪ್ಪತ್ತು ವರ್ಷ ಹಿಂದಿನ ಸೋಂಕಿನ ಬಾಕಿ ವಸೂಲಿ.

ಅಂಗಗಳ ಲೆಕ್ಕ ಮಾತ್ರ ಹೆಚ್ಚು ಕಡಿಮೆ ಎಲ್ಲ ಕಡೆಯೂ ಒಂದೇ: ಯಕೃತ್ತು ಸುಮಾರು ಶೇ. 70, ಶ್ವಾಸಕೋಶ ಶೇ. 20, ಉಳಿದದ್ದರಲ್ಲಿ ಗುಲ್ಮ, ಮೂತ್ರಪಿಂಡ, ಮೂಳೆ, ಹೃದಯ, ಮೆದುಳು. ಕರುಳಿನಿಂದ ಹೊರಟ ಮರಿಹುಳುವಿಗೆ ಮೊದಲು ಸಿಗುವ ಜರಡಿ ಯಕೃತ್ತು, ಅದನ್ನು ದಾಟಿದರೆ ಶ್ವಾಸಕೋಶ. ಎರಡನ್ನೂ ತಪ್ಪಿಸಿಕೊಂಡದ್ದು ಎಲ್ಲಿ ಬೇಕಾದರೂ ಹೋಗಬಹುದು.

ಛೇದ ಎಲ್ಲಿ · ಸೋಮವಾರ ರಾತ್ರಿ 11:02

ನಾನು ವೈದ್ಯನಲ್ಲ, ಅಂಕಿಅಂಶದವನು. ನನ್ನ ಹೆಸರೇ ನನ್ನ ಉತ್ತರ.

ನಿಮ್ಮ ಬಳಿ ಭಿನ್ನರಾಶಿಯ ಅಂಶ ಇದೆ (ಎಷ್ಟು ಆಪರೇಷನ್), ಛೇದ ಇಲ್ಲ (ಎಷ್ಟು ಜನರಲ್ಲಿ). ಎರಡು ಪ್ರದೇಶಗಳಿವೆ ಎಂದುಕೊಳ್ಳಿ. ಎರಡರಲ್ಲೂ ಲಕ್ಷ ಜನ, ಎರಡರಲ್ಲೂ ಐನೂರು ಜನರ ಒಡಲಲ್ಲಿ ಸಿಸ್ಟ್. ಮೊದಲನೆಯದರಲ್ಲಿ ಸ್ಕ್ಯಾನ್ ಯಂತ್ರವೂ ಸರ್ಜನ್ನೂ ಹತ್ತಿರದಲ್ಲೇ. ವರ್ಷಕ್ಕೆ ಇಪ್ಪತ್ತು ಆಪರೇಷನ್. ಎರಡನೆಯದರಲ್ಲಿ ಆಸ್ಪತ್ರೆ ಮುಟ್ಟಲು ಎರಡು ದಿನ ನಡೆಯಬೇಕು, ವರ್ಷಕ್ಕೆ ಎರಡು. ರಿಜಿಸ್ಟರ್ ಮಾತ್ರ ನೋಡುವವನು ಮೊದಲನೆಯ ಕಡೆ ಹತ್ತು ಪಟ್ಟು ರೋಗವಿದೆ ಎನ್ನುತ್ತಾನೆ. ಆದರೆ ಅಲ್ಲಿ ಹತ್ತು ಪಟ್ಟು ಇರುವುದು ದಾರಿ.

ಹಾಗೆಂದು ಹಳಬರು ಮೂರ್ಖರಾಗಿರಲಿಲ್ಲ. ಅಲ್ಟ್ರಾಸೌಂಡ್ ಬರುವ ಮುಂಚೆ ನೆಚ್ಚಬಹುದಾದ ಬೇರೆ ಅಳತೆಗೋಲು ಅಷ್ಟಾಗಿ ಇರಲಿಲ್ಲ. ಲಕ್ಷ ಜನಕ್ಕೆ ವರ್ಷಕ್ಕೆ ಎಷ್ಟು ಆಪರೇಷನ್ ಎಂಬುದನ್ನೇ ದೇಶಗಳು ರೋಗದ ದರ ಎಂದು ದಶಕಗಳ ಕಾಲ ಬಳಸಿದವು. ರೋಗ ಬೇರೂರಿದ ಪ್ರದೇಶಗಳಲ್ಲಿ ವರ್ಷಕ್ಕೆ ಲಕ್ಷಕ್ಕೆ 50ಕ್ಕಿಂತ ಹೆಚ್ಚು ಹೊಸ ಪ್ರಕರಣಗಳು ಕಾಣಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅರ್ಜೆಂಟೀನಾ, ಪೆರು, ಪೂರ್ವ ಆಫ್ರಿಕಾ, ಮಧ್ಯ ಏಷ್ಯಾ, ಚೀನಾಗಳ ಕೆಲವು ಭಾಗಗಳಲ್ಲಿ ಜನಸಂಖ್ಯೆಯ ಶೇ. 5ರಿಂದ 10ರಷ್ಟು ಮಂದಿಯಲ್ಲಿ ಸಿಸ್ಟ್ ಇರಬಹುದು ಎಂಬುದೂ ಅದೇ ಸಂಸ್ಥೆಯ ಅಂದಾಜು. ಈ ಎರಡನ್ನೂ ಪಕ್ಕಪಕ್ಕ ಇಡಿ. ಒಂದು 'ಈ ವರ್ಷ ಎಷ್ಟು ಮಂದಿ ಹೊಸದಾಗಿ ಪತ್ತೆಯಾದರು', ಇನ್ನೊಂದು 'ಈ ಕ್ಷಣ ಎಷ್ಟು ಮಂದಿ ಹೊತ್ತುಕೊಂಡು ಓಡಾಡುತ್ತಿದ್ದಾರೆ'. ಪ್ರಬಂಧಗಳಲ್ಲಿ ಇವೆರಡನ್ನೂ ಕಲಸಿ ಬರೆಯುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಮನೆ ಬಾಗಿಲಿಗೆ ಸ್ಕ್ಯಾನ್ ಒಯ್ದಾಗ ಏನು ಸಿಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಹೆರಾಕ್ಲಿಸ್ ಎಂಬ ಯೋಜನೆ. 2014–15ರಲ್ಲಿ ಬಲ್ಗೇರಿಯಾ, ರೊಮೇನಿಯಾ, ಟರ್ಕಿಗಳ ಹಳ್ಳಿಗಳಲ್ಲಿ 24,000ಕ್ಕೂ ಹೆಚ್ಚು ಜನರ ಹೊಟ್ಟೆಯನ್ನು ಸ್ಕ್ಯಾನ್ ಮಾಡಿದರು. ಸಿಕ್ಕದ್ದು ಬಲ್ಗೇರಿಯಾ, ರೊಮೇನಿಯಾಗಳಲ್ಲಿ ಸುಮಾರು ಶೇ. 0.4, ಟರ್ಕಿಯಲ್ಲಿ ಸುಮಾರು ಶೇ. 0.6. ಸಣ್ಣದಾಗಿ ಕಾಣಿಸುತ್ತದೆ. ಲಕ್ಷಕ್ಕೆ ತಿರುಗಿಸಿ ನೋಡಿ: 400ರಿಂದ 600! ಅವರಲ್ಲಿ ಎಷ್ಟೋ ಮಂದಿಗೆ ತಮ್ಮೊಳಗೆ ಇಂಥದ್ದೊಂದು ಇದೆ ಎಂಬ ಸುಳಿವೇ ಇರಲಿಲ್ಲ.

ಎರಡು ಸಲ ಮಲಗಿದವನು · ಮಂಗಳವಾರ ಬೆಳಿಗ್ಗೆ 6:50

ನಾನು ರೋಗಿ. ನೀವು ಲೆಕ್ಕ ಹಾಕುತ್ತಿರುವ ರಿಜಿಸ್ಟರಿನೊಳಗಿನ ಹೆಸರು ಎಂದರೂ ಸರಿ. ಎಂಟು ವರ್ಷಗಳ ಅಂತರದಲ್ಲಿ ಎರಡು ಸಲ ಯಕೃತ್ತಿನ ಆಪರೇಷನ್ ಆಯಿತು. ಮೊದಲ ಸಲ ಬಿಡುಗಡೆಯಾಗುವಾಗ 'ಇನ್ನು ಮಾಂಸ ಮುಟ್ಟಬೇಡಿ, ಅದರಿಂದಲೇ ಬಂದದ್ದು' ಎಂದರು. ಎಂಟು ವರ್ಷ ಮುಟ್ಟಲಿಲ್ಲ. ಆದರೂ ಬಂತು. ಇದು ಹೇಗೆ ಎಂದು ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ಪಶುವೈದ್ಯೆ · ಮಂಗಳವಾರ ಬೆಳಿಗ್ಗೆ 8:20

ನಿಮಗೆ ಹೇಳಿದವರು ಬೇರೆ ಲಾಡಿ ಹುಳುವಿನ ಪಾಠವನ್ನು ಇದಕ್ಕೆ ಒಪ್ಪಿಸಿದ್ದಾರೆ. ಸಿಸ್ಟ್ ಇರುವ ಕುರಿಯ ಯಕೃತ್ತನ್ನು ಮನುಷ್ಯ ತಿಂದರೂ ಈ ರೋಗ ಬರುವುದಿಲ್ಲ. ನಾಯಿ ತಿಂದರೆ ನಾಯಿಯ ಕರುಳಲ್ಲಿ ಹುಳು ಬೆಳೆಯುತ್ತದೆ. ಆ ನಾಯಿಯ ಮಲದಲ್ಲಿರುವ ಮೊಟ್ಟೆ ಮನುಷ್ಯನ ಬಾಯಿಗೆ ಹೋದರೆ ಮನುಷ್ಯನಿಗೆ ಸಿಸ್ಟ್. ಇದು 1850ರ ದಶಕದಲ್ಲೇ ಗೊತ್ತಾದ ಸಂಗತಿ. ಜರ್ಮನಿಯ ವಾನ್ ಸೀಬೋಲ್ಡ್ ಕುರಿಯ ಸಿಸ್ಟ್‌ಗಳನ್ನು ನಾಯಿಗಳಿಗೆ ತಿನ್ನಿಸಿ, ಅವುಗಳ ಕರುಳಲ್ಲಿ ಹುಳು ಬೆಳೆದದ್ದನ್ನು ತೋರಿಸಿದ್ದ.

ಹುಳು ಎಂದರೆ ಮೊಳದುದ್ದದ್ದಲ್ಲ. ಏಳು ಮಿಲಿಮೀಟರ್ ಮೀರುವುದಿಲ್ಲ. ಒಂದು ನಾಯಿಯ ಕರುಳಲ್ಲಿ ಅಂಥವು ಸಾವಿರಾರು ಇರಬಹುದು, ನಾಯಿ ಮಾತ್ರ ಆರೋಗ್ಯವಾಗಿ ಬಾಲ ಅಲ್ಲಾಡಿಸಿಕೊಂಡು ಇರುತ್ತದೆ. ಮೊಟ್ಟೆಗಳು ಕಣ್ಣಿಗೆ ಕಾಣುವುದಿಲ್ಲ. ತಂಪು, ತೇವ ಇದ್ದಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ, ಬಿಸಿಲಿಗೂ ಒಣಹವೆಗೂ ಸೋಲುತ್ತವೆ. ಸಾಮಾನ್ಯ ಕ್ರಿಮಿನಾಶಕಗಳಿಗೆ ಜಗ್ಗುವುದಿಲ್ಲ. ಕೈ ಉಜ್ಜಿ ತೊಳೆದರೆ ಕೊಚ್ಚಿಕೊಂಡು ಹೋಗುತ್ತವೆ ಎಂಬುದೇ ಸಮಾಧಾನ. ಮನುಷ್ಯನಿಂದ ಮನುಷ್ಯನಿಗೆ ಹರಡುವ ಪ್ರಶ್ನೆಯೇ ಇಲ್ಲ. ಹುಳುವಿನ ಪಾಲಿಗೆ ಮನುಷ್ಯ ಕುರುಡು ಗಲ್ಲಿ. ಒಳಗೆ ಬಂದರೆ ಮುಂದೆ ದಾರಿ ಇಲ್ಲ.

ಕಿರಿಯ ಸರ್ಜನ್ ಅವರಿಗೆ ಒಂದು ಮಾತು. ನಿಮ್ಮ ಪಟ್ಟಿಯಲ್ಲಿ 'ನಾಯಿ ಸಾಕಿದ್ದೀರಾ: ಹೌದು/ಇಲ್ಲ' ಎಂಬ ಕಾಲಂ ಇದೆಯೇ? ಇದ್ದರೆ ಅದರ ಮೇಲೆ ಹೆಚ್ಚು ಭಾರ ಹಾಕಬೇಡಿ. ಇವತ್ತು ನಾಯಿ ಇದೆಯೋ ಇಲ್ಲವೋ ಎಂಬುದರಿಂದ ಏನೂ ಸಿಗದು. ಎಷ್ಟು ವರ್ಷ ನಾಯಿಯ ಒಡನಾಟವಿತ್ತು, ಅದನ್ನು ಕಟ್ಟುತ್ತಿದ್ದರೋ ಬಿಟ್ಟಿದ್ದರೋ, ಕಡಿದ ಪ್ರಾಣಿಯ ಒಳಾಂಗಗಳು ಅದರ ಬಾಯಿಗೆ ಸಿಗುತ್ತಿದ್ದವೋ ಎಂದು ಕೇಳಬೇಕು. ಅದೂ ಸೋಂಕು ತಗುಲಿದ್ದಿರಬಹುದಾದ ವರ್ಷಗಳ ಬಗ್ಗೆ. ಆಪರೇಷನ್‌ಗೆ ಬಂದ ವರ್ಷದ ನಾಯಿ ಪಾಪ, ಆಗಿನ್ನೂ ಹುಟ್ಟಿಯೇ ಇರಲಿಲ್ಲ.

ಎರಡು ಸಲ ಮಲಗಿದವನು · ಮಂಗಳವಾರ ಬೆಳಿಗ್ಗೆ 8:41

ಎಂಟು ವರ್ಷದ ಪಥ್ಯ ನೀರುಪಾಲು. ಆಗಲಿ, ತಿಳಿದಂತಾಯಿತು. ಹಾಗಾದರೆ ಎರಡನೆಯ ಸಲ ಬಂದದ್ದು ಹೊಸದೋ, ಹಳೆಯದೇ ಉಳಿದದ್ದೋ?

ಹಳೇ ಕತ್ತರಿ · ಮಂಗಳವಾರ ಮಧ್ಯಾಹ್ನ 1:30

ನಿಮ್ಮ ಕಡತ ನೋಡದೆ ಹೇಳಲಾರೆ. ಹಳೆಯ ಗಾಯದ ಜಾಗದಲ್ಲೇ ಇದ್ದರೆ, ಅಥವಾ ಹೊಟ್ಟೆಯ ಪೊರೆಯ ಮೇಲೆ ಚಿಕ್ಕಚಿಕ್ಕದಾಗಿ ಹರಡಿದ್ದರೆ, ಹಳೆಯದೇ ಎಂಬ ಸಂಶಯ ಬಲವಾಗುತ್ತದೆ.

ಸಿಸ್ಟ್‌ಗೆ ಮೂರು ಪದರ. ಹೊರಗಿನದು ನಮ್ಮದೇ ದೇಹ ಕಟ್ಟಿಕೊಂಡ ಗಟ್ಟಿ ಗೋಡೆ. ಅದರೊಳಗೆ ಬೇಯಿಸಿದ ಮೊಟ್ಟೆಯ ಬಿಳಿಯಂತೆ ಹೊಳೆಯುವ ಪರೆ. ಎಲ್ಲಕ್ಕಿಂತ ಒಳಗೆ, ಕಣ್ಣಿಗೆ ಕಂಡೂ ಕಾಣದಷ್ಟು ತೆಳ್ಳಗೆ, ಜೀವಂತ ಮೊಳಕೆಯ ಪದರ. ಹುಳುವಿನ ಎಳೆಯ ತಲೆಗಳು ಅಲ್ಲಿ ಹುಟ್ಟುತ್ತವೆ. ಅವು ಕಳಚಿ ತಳದಲ್ಲಿ ಕೂತಿರುವುದನ್ನೇ ನಾವು ಹೈಡಾಟಿಡ್ ಮರಳು ಎನ್ನುವುದು. ಆಪರೇಷನ್ ಮಾಡುವಾಗ ಆ ನೀರು ಹೊಟ್ಟೆಯೊಳಗೆ ಚೆಲ್ಲಿದರೆ ಒಂದೊಂದು ಮರಳಿನ ಕಣವೂ ಹೊಸ ಸಿಸ್ಟ್ ಆಗಬಲ್ಲದು. ಅಲರ್ಜಿ ಕೆರಳಿ ರಕ್ತದೊತ್ತಡ ಪಾತಾಳಕ್ಕೆ ಇಳಿಯುವುದೂ ಉಂಟು. ಅದಕ್ಕೇ ಸುತ್ತಲೂ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಒತ್ತುವುದು, ಮೊದಲು ಸೂಜಿಯಿಂದ ಹೀರುವುದು, ಶೇ. 20ರ ಗಾಢ ಉಪ್ಪುನೀರು ಬಿಟ್ಟು ಕಾಯುವುದು, ಹಿಂದೆ ಮುಂದೆ ಹುಳು ಕೊಲ್ಲುವ ಆಲ್ಬೆಂಡಜೋಲ್ ಮಾತ್ರೆ ಕೊಡುವುದು. ಇಷ್ಟೆಲ್ಲ ಮಾಡಿದರೂ ಮರುಕಳಿಸುತ್ತದೆ: ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಚಿಕಿತ್ಸೆಯ ನಂತರ ಶೇ. 6.5ರಷ್ಟು ಪ್ರಕರಣಗಳು ಮರುಕಳಿಸುತ್ತವೆ, ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 2.2ರಷ್ಟು ಮಂದಿ ಸಾಯುತ್ತಾರೆ. ನನ್ನಂಥ ಸರ್ಜನ್‌ಗಳು ವರ್ಷದೊಳಗೆ ಕಡತ ಮುಚ್ಚಿ 'ಮರುಕಳಿಕೆ ಸೊನ್ನೆ' ಎಂದು ಬರೆದುಕೊಳ್ಳುತ್ತೇವೆ. ಇವರು ಮತ್ತೆ ಬಂದದ್ದು ಎಂಟು ವರ್ಷದ ಮೇಲೆ ಎಂಬುದನ್ನು ಗಮನಿಸಿ.

ಛೇದ ಎಲ್ಲಿ · ಮಂಗಳವಾರ ಮಧ್ಯಾಹ್ನ 2:05

ಲೆಕ್ಕದಲ್ಲಿ ಇದೇ ಇನ್ನೊಂದು ಗುಂಡಿ. ಇವರು ನಿಮ್ಮ ರಿಜಿಸ್ಟರಿನಲ್ಲಿ ಒಬ್ಬ ರೋಗಿಯೋ ಇಬ್ಬರೋ? ಆಪರೇಷನ್ ಎಣಿಸಿದರೆ ಎರಡು, ಮನುಷ್ಯರನ್ನು ಎಣಿಸಿದರೆ ಒಂದು. ಆಸ್ಪತ್ರೆಯ ಬಿಡುಗಡೆ ದಾಖಲೆಗಳನ್ನೇ ನೆಚ್ಚಿ ರಾಷ್ಟ್ರಮಟ್ಟದ ಲೆಕ್ಕ ಮಾಡುವವರಿಗೂ ಇದೇ ತಲೆನೋವು. ರೋಗಸಂಕೇತ ಪಟ್ಟಿಯಲ್ಲಿ ಬಿ67 ಎಂಬ ಒಂದೇ ಛತ್ರಿಯಡಿ ನಾಯಿಯ ಹುಳುವಿನ ಸಿಸ್ಟ್ ಕೂಡ ಇದೆ, ನರಿಯ ಹುಳುವಿನಿಂದ ಬರುವ, ಕ್ಯಾನ್ಸರಿನಂತೆ ಯಕೃತ್ತನ್ನು ಕೊರೆಯುವ ಇನ್ನೊಂದು ರೋಗವೂ ಇದೆ. ಒಳಸಂಕೇತ ಹಾಕುವ ತಾಳ್ಮೆ ಗುಮಾಸ್ತರಿಗೆ ಇಲ್ಲದಿದ್ದರೆ ಎರಡೂ ಒಂದೇ ಬುಟ್ಟಿಗೆ.

ಕಪ್ಪು ಬಿಳುಪು · ಮಂಗಳವಾರ ಸಂಜೆ 5:45

ರೇಡಿಯಾಲಜಿ ವಿಭಾಗದಿಂದ. 'ಇತ್ತೀಚೆಗೆ ಕಡಿಮೆಯಾಗುತ್ತಿದೆ' ಎಂಬ ಮಾತನ್ನು ಯಾರೂ ಮುಟ್ಟಿಲ್ಲ. ನನಗೆ ಅದೇ ಎಲ್ಲಕ್ಕಿಂತ ಅಪಾಯಕಾರಿ ಎನಿಸುತ್ತದೆ.

ಹಿಂದೆ ಸಿಸ್ಟ್ ಕಂಡರೆ ಆಪರೇಷನ್, ಅಷ್ಟೇ. 1981ರಲ್ಲಿ ಗರ್ಬಿ ಮತ್ತು ಸಂಗಡಿಗರು ಅಲ್ಟ್ರಾಸೌಂಡ್ ಚಿತ್ರ ನೋಡಿ ಸಿಸ್ಟ್‌ಗಳನ್ನು ಬಗೆಬಗೆಯಾಗಿ ವಿಂಗಡಿಸಿದರು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡ ಅದನ್ನು ಸಿಸ್ಟ್‌ನ ಆಯುಷ್ಯಕ್ಕೆ ಹೊಂದಿಸಿತು: ಸಿಇ1, ಸಿಇ2 ಚುರುಕಾದವು, ಸಿಇ3 ನಡುವಿನವು, ಅದರಲ್ಲೇ ಎ, ಬಿ ಎಂಬ ಎರಡು ಬಗೆ, ಸಿಇ4, ಸಿಇ5 ಸತ್ತವು ಅಥವಾ ಸಾಯುತ್ತಿರುವವು. 2010ರಲ್ಲಿ ಪ್ರಕಟವಾದ ತಜ್ಞರ ಒಮ್ಮತದ ಪ್ರಕಾರ ಚಿಕಿತ್ಸೆಯೂ ಹಂತಕ್ಕೆ ತಕ್ಕಂತೆ. ಯಕೃತ್ತಿನಲ್ಲಿ ಐದು ಸೆಂಟಿಮೀಟರಿಗಿಂತ ಚಿಕ್ಕದಾದ ಸಿಇ1 ಅಥವಾ ಸಿಇ3ಎ ಇದ್ದರೆ ಬರಿಯ ಮಾತ್ರೆ ಸಾಕಾಗಬಹುದು. ಅದಕ್ಕಿಂತ ದೊಡ್ಡದಿದ್ದರೆ ಚುಚ್ಚಿ, ಹೀರಿ, ಔಷಧಿ ಬಿಟ್ಟು, ಮತ್ತೆ ಹೀರುವ ಪೇರ್ ವಿಧಾನ. ಒಳಗೆ ಮರಿಚೀಲಗಳು ತುಂಬಿದ ಸಿಇ2, ಸಿಇ3ಬಿ ಇದ್ದರೆ ಬಹುಮಟ್ಟಿಗೆ ಶಸ್ತ್ರಚಿಕಿತ್ಸೆ. ತೊಂದರೆ ಕೊಡದ ಸಿಇ4, ಸಿಇ5 ಇದ್ದರೆ ಸುಮ್ಮನೆ ನೋಡುತ್ತಿರುವುದು.

ಈಗ ನಿಮ್ಮ ಹತ್ತು ವರ್ಷದ ರಿಜಿಸ್ಟರಿಗೆ ಬನ್ನಿ. ನಡುವೆ ಎಲ್ಲೋ ನಿಮ್ಮ ಆಸ್ಪತ್ರೆಯಲ್ಲಿ ಪೇರ್ ಶುರುವಾಗಿದ್ದರೆ ಆ ರೋಗಿಗಳು ಶಸ್ತ್ರಚಿಕಿತ್ಸಾ ಕೊಠಡಿಯಿಂದ ನನ್ನ ಕೋಣೆಗೆ ಬಂದಿರುತ್ತಾರೆ. ಸಿಇ5 ನೋಡಿ 'ಇದಕ್ಕೆ ಕೈ ಹಾಕಬೇಡಿ' ಎಂದು ಯಾರೋ ಹೇಳತೊಡಗಿದ್ದರೆ ಅವರು ಮನೆಗೆ ಹೋಗಿರುತ್ತಾರೆ. ರೋಗ ಇದ್ದಷ್ಟೇ ಇದೆ. ಕಡಿಮೆಯಾದದ್ದು ನಿಮ್ಮ ಕೆಲಸ. ಹತ್ತು ವರ್ಷಗಳ ಸ್ಕ್ಯಾನ್ ವರದಿ, ಔಷಧಿ ಕಡತ, ಪೇರ್ ಪುಸ್ತಕ ಮೂರನ್ನೂ ಸೇರಿಸದೆ ಏರಿಳಿತದ ಗೆರೆ ಎಳೆಯಬೇಡಿ.

ಇನ್ನೊಂದು, ನಮ್ಮ ಯಂತ್ರದ ಮಿತಿಯನ್ನೂ ಹೇಳಿಬಿಡುತ್ತೇನೆ. ಅಲ್ಟ್ರಾಸೌಂಡಿಗೆ ಗಾಳಿ ಶತ್ರು. ಶ್ವಾಸಕೋಶದ ಒಳಗಿನ ಸಿಸ್ಟ್ ಅದಕ್ಕೆ ಕಾಣದು. ಎಕ್ಸ್-ರೇ ಅಥವಾ ಸಿ.ಟಿ. ಬೇಕು. ಹೊಟ್ಟೆಯ ಸ್ಕ್ಯಾನ್ ಸಮೀಕ್ಷೆಗಳೂ ಪೂರ್ಣಸತ್ಯವಲ್ಲ.

ಕಿರಿಯ ಸರ್ಜನ್ · ಮಂಗಳವಾರ ರಾತ್ರಿ 9:10

ಪೇರ್ ಪುಸ್ತಕ ಎಂಬುದೊಂದು ಇದೆ ಎಂದು ಇವತ್ತೇ ಗೊತ್ತಾಯಿತು. ಇದೇ ಕಟ್ಟಡದ ಇನ್ನೊಂದು ಮಹಡಿಯಲ್ಲಿ! ಹೆಂಗಸರ ವಿಷಯವನ್ನಾದರೂ ಉಳಿಸಿಕೊಳ್ಳಬಹುದೇ? ಎಷ್ಟೋ ದೇಶಗಳ ಶಸ್ತ್ರಚಿಕಿತ್ಸಾ ವರದಿಗಳಲ್ಲಿ ಹೆಂಗಸರೇ ಹೆಚ್ಚು ಎಂದಿದೆಯಲ್ಲ.

ಪಶುವೈದ್ಯೆ · ಮಂಗಳವಾರ ರಾತ್ರಿ 9:35

ಕೆಲವು ಕಡೆ ಅದು ನಿಜವಾದ ವ್ಯತ್ಯಾಸವೇ. ಕೀನ್ಯಾದ ವಾಯವ್ಯದ ತುರ್ಕಾನಾ ಜನರಲ್ಲಿ ಈ ರೋಗ ಪ್ರಪಂಚದಲ್ಲೇ ಅತಿ ಹೆಚ್ಚು ಎನ್ನುವಷ್ಟು ಇತ್ತು, ಹೆಂಗಸರಲ್ಲಿ ಇನ್ನೂ ಹೆಚ್ಚು. ನೀರು ವಿರಳವಾದ ಒಣನೆಲದ ಪಶುಪಾಲಕರು ಅವರು. ನಾಯಿಗಳು ಮನೆಯೊಳಗೇ, ಹೆಂಗಸರು ಮತ್ತು ಮಕ್ಕಳ ಜೊತೆಯಲ್ಲೇ ಇರುತ್ತವೆ. ಅಲ್ಲಿ 1983ರಿಂದ ಅಮ್ರೆಫ್ ಎಂಬ ಆಫ್ರಿಕಾದ ಆರೋಗ್ಯ ಸಂಸ್ಥೆ ನಿಯಂತ್ರಣ ಯೋಜನೆ ನಡೆಸಿತು, ಅಲ್ಟ್ರಾಸೌಂಡ್ ಯಂತ್ರವನ್ನು ಬಯಲಿಗೇ ಒಯ್ದು ಪರೀಕ್ಷೆ ಮಾಡಿತು. ಆ ರೀತಿಯ ಸಮೀಕ್ಷೆ ಇದ್ದಾಗ ಹೆಂಗಸರ ಬಗ್ಗೆ ಮಾತನಾಡುವ ಹಕ್ಕು ಬರುತ್ತದೆ.

ಕಪ್ಪು ಬಿಳುಪು · ಮಂಗಳವಾರ ರಾತ್ರಿ 9:50

ಇನ್ನು ಕೆಲವು ಕಡೆ ವ್ಯತ್ಯಾಸ ನಮ್ಮ ಯಂತ್ರದಿಂದಲೇ ಹುಟ್ಟುತ್ತದೆ. ಬಸಿರಿನಲ್ಲಿ ಸ್ಕ್ಯಾನ್, ಮುಟ್ಟಿನ ತೊಂದರೆಗೆ ಸ್ಕ್ಯಾನ್, ಪಿತ್ತಕೋಶದ ಕಲ್ಲಿಗೆ ಸ್ಕ್ಯಾನ್. ಇಪ್ಪತ್ತರಿಂದ ನಲವತ್ತರ ಹೆಂಗಸಿನ ಹೊಟ್ಟೆಯ ಮೇಲೆ ಯಂತ್ರ ಓಡಾಡುವಷ್ಟು ಅದೇ ವಯಸ್ಸಿನ ಗಂಡಸಿನ ಮೇಲೆ ಓಡಾಡುವುದಿಲ್ಲ. ಹುಡುಕಿದಲ್ಲಿ ಸಿಗುತ್ತದೆ. ನಿಮ್ಮ ಪಟ್ಟಿಯಲ್ಲಿ ಎಷ್ಟು ಮಂದಿ ನೋವು, ಗಡ್ಡೆ, ಕಾಮಾಲೆ ಎಂದು ಬಂದವರು, ಎಷ್ಟು ಮಂದಿ ಬೇರೆ ಕಾರಣದ ಸ್ಕ್ಯಾನಿನಲ್ಲಿ ಆಕಸ್ಮಿಕವಾಗಿ ಸಿಕ್ಕವರು ಎಂದು ಮೊದಲು ಬೇರ್ಪಡಿಸಿ. ಆಮೇಲೆ ಗಂಡು ಹೆಣ್ಣು ಎಣಿಸಿ.

ಸೂಕ್ಷ್ಮದರ್ಶಕ · ಬುಧವಾರ ಬೆಳಿಗ್ಗೆ 10:30

ಪೆಥಾಲಜಿಯವರನ್ನು ಯಾರೂ ಕರೆಯುವುದಿಲ್ಲ, ಕರೆಯದೆ ಬಂದಿದ್ದೇನೆ. ಎಲ್ಲರೂ ಸೇರಿ ರಿಜಿಸ್ಟರನ್ನು ಇಷ್ಟು ಹೀಗಳೆಯುವುದು ನನಗೆ ಒಪ್ಪಿಗೆಯಿಲ್ಲ. ಸಮೀಕ್ಷೆಯಲ್ಲಿ ಸಿಗುವುದು ಚಿತ್ರ, ಶಸ್ತ್ರಚಿಕಿತ್ಸೆಯಲ್ಲಿ ಸಿಗುವುದು ವಸ್ತು. ಸ್ಕ್ಯಾನಿನಲ್ಲಿ ಸರಳವಾಗಿ ಕಾಣುವ ನೀರುಚೀಲ ಹೈಡಾಟಿಡ್ ಹೌದೋ ಅಲ್ಲವೋ ಎಂಬುದರಲ್ಲಿ ದೊಡ್ಡ ದೊಡ್ಡವರೇ ಎಡವುತ್ತಾರೆ; ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲೂ ಅದಕ್ಕೆ 'ಸಿಎಲ್' ಎಂಬ ಬೇರೆ ಹೆಸರಿಟ್ಟು ಬದಿಗೆ ಕೂರಿಸಿದ್ದಾರೆ. ರಕ್ತಪರೀಕ್ಷೆಯೂ ನಂಬಿಕಸ್ಥನಲ್ಲ. ಎಲಿಸಾ ಎಂಬ ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಚುರುಕು ಸಿಸ್ಟ್ ಸಿಕ್ಕಿಬೀಳುವಷ್ಟು ಸುಲಭವಾಗಿ ಶ್ವಾಸಕೋಶದ್ದು ಸಿಗುವುದಿಲ್ಲ. ಸುಣ್ಣಗಟ್ಟಿದ್ದು ಹಲವು ಸಲ ತಪ್ಪಿಸಿಕೊಳ್ಳುತ್ತದೆ. 'ನೆಗೆಟಿವ್ ಬಂತು, ಆದ್ದರಿಂದ ಅಲ್ಲ' ಎನ್ನುವಂತಿಲ್ಲ. ನನ್ನ ಗಾಜಿನ ಕೆಳಗೆ ಪದರಪದರವಾದ ಪರೆ ಕೆನ್ನೇರಳೆ ಬಣ್ಣ ಹೀರಿಕೊಂಡಿದ್ದರೆ, ಹುಳುವಿನ ತಲೆಯ ಪುಟ್ಟ ಕೊಕ್ಕೆಗಳು ಕಂಡರೆ, ವಾದ ಮುಗಿಯಿತು.

ಆದ್ದರಿಂದ ಕಿರಿಯ ಸರ್ಜನ್ ಅವರೇ, ನಿಮ್ಮ ಪಟ್ಟಿಯ ಪ್ರತಿ ಹೆಸರಿಗೂ ನಮ್ಮ ವಿಭಾಗದ ವರದಿ ಹುಡುಕಿ. ಆಪರೇಷನ್‌ಗೆ ಮುಂಚೆ ರಿಜಿಸ್ಟರಿನಲ್ಲಿ 'ಹೈಡಾಟಿಡ್' ಎಂದು ಬರೆದು, ತೆಗೆದ ಮೇಲೆ ಬರಿಯ ಹುಟ್ಟುಚೀಲವೋ ಪಿತ್ತನಾಳದ ಗಡ್ಡೆಯೋ ಎಂದು ಗೊತ್ತಾದದ್ದೂ ಇರುತ್ತದೆ. ಅದನ್ನು ಯಾರೂ ರಿಜಿಸ್ಟರಿನಲ್ಲಿ ತಿದ್ದಿರುವುದಿಲ್ಲ. ಅಂಗಾಂಶ ಉಳಿಸಿದ್ದರೆ ಹುಳುವಿನ ತಳಿಯನ್ನೂ ಪತ್ತೆ ಮಾಡಬಹುದು. ಪ್ರಪಂಚದಾದ್ಯಂತ ಮನುಷ್ಯರಲ್ಲಿ ಸಿಗುವುದು ಬಹುಪಾಲು ಜಿ1 ಎಂಬ ಕುರಿಯ ತಳಿ. ಒಂಟೆ, ಹಂದಿಗಳ ಸುತ್ತ ತಿರುಗುವ ಜಿ6, ಜಿ7 ತಳಿಗಳದ್ದು ಎರಡನೆಯ ಸ್ಥಾನ. ರೋಗ ಯಾವ ಪ್ರಾಣಿಯ ಚಕ್ರದಿಂದ ಸಿಡಿದು ಬಂತು ಎಂಬುದನ್ನು ಹೊಟ್ಟೆಯ ಸ್ಕ್ಯಾನ್ ಹೇಳಲಾರದು. ಸರ್ಜನ್ ತೆಗೆದ ತುಂಡು ಹೇಳುತ್ತದೆ.

ಪಶುವೈದ್ಯೆ · ಬುಧವಾರ ಬೆಳಿಗ್ಗೆ 11:15

ಈ ಮಾತಿಗೆ ನನ್ನ ಪೂರ್ಣ ಬೆಂಬಲ. ಕಸಾಯಿಖಾನೆಯಲ್ಲಿ ಸಿಸ್ಟ್ ಎಣಿಸಿದ ಮಾತ್ರಕ್ಕೆ ಅಪಾಯ ಎಣಿಸಿದಂತಲ್ಲ. ಕುರಿಯ ತಳಿ ದನದೊಳಗೆ ಹೊಕ್ಕಾಗ ಸಿಸ್ಟ್ ಬೆಳೆದರೂ ಹೆಚ್ಚಿನವು ಬಂಜೆ. ಅವನ್ನು ನಾಯಿ ತಿಂದರೂ ಹುಳು ಹುಟ್ಟದು. ವಯಸ್ಸಾದ ಕುರಿಯ ಸಿಸ್ಟ್ ಹಾಗಲ್ಲ, ಅದೇ ಚಕ್ರದ ಅಚ್ಚು.

ಛೇದ ಎಲ್ಲಿ · ಬುಧವಾರ ಮಧ್ಯಾಹ್ನ 12:40

ಒಪ್ಪಿದೆ. ರಿಜಿಸ್ಟರನ್ನು ಬಿಸಾಡಿ ಎಂದು ನಾನು ಹೇಳಲಿಲ್ಲ, ಅದು ಹೇಳದ್ದನ್ನು ಅದರ ಬಾಯಿಂದ ಹೇಳಿಸಬೇಡಿ ಎಂದೆ. ಅದೇ ರಿಜಿಸ್ಟರಿನೊಳಗೆ ಚಿನ್ನದಂಥ ಒಂದು ಸಾಲಿದೆ: ಮಕ್ಕಳು. ಐವತ್ತರವರಲ್ಲಿ ಸಿಕ್ಕ ಸಿಸ್ಟ್ ಯಾವ ಕಾಲದ್ದೋ ಹೇಳಲಾಗದು. ಆರು ವರ್ಷದ ಮಗುವಿನಲ್ಲಿ ಸಿಕ್ಕರೆ? ಸೋಂಕು ಕಳೆದ ಆರು ವರ್ಷದೊಳಗಿನದು. ಅಂದರೆ ಚಕ್ರ ಈಗಲೂ ತಿರುಗುತ್ತಿದೆ. ಹಾಗಾಗಿಯೇ ಅರ್ಜೆಂಟೀನಾದ ರಿಯೋ ನೆಗ್ರೋ ಪ್ರಾಂತ್ಯದಲ್ಲಿ ಶಾಲಾಮಕ್ಕಳಿಗೇ ಸ್ಕ್ಯಾನ್ ಮಾಡುವ ಪದ್ಧತಿ ಬೆಳೆಸಿದರು.

ಇದಕ್ಕೆ ತದ್ವಿರುದ್ಧ ಚಿತ್ರ ಐಸ್‌ಲ್ಯಾಂಡ್. 1863ರಲ್ಲಿ ಅಲ್ಲಿಗೆ ಹೋದ ಡೆನ್ಮಾರ್ಕಿನ ಹರಾಲ್ಡ್ ಕ್ರಾಬ್ಬೆ ಕೊಯ್ದು ನೋಡಿದ ನೂರು ನಾಯಿಗಳಲ್ಲಿ 28ರಲ್ಲಿ ಈ ಹುಳು ಇತ್ತು. ಜನರಿಗೆ ಓದಲು ಕಿರುಹೊತ್ತಗೆ ಹಂಚಿದರು, ಕಾನೂನು ತಂದರು, ಒಳಾಂಗಗಳನ್ನು ನಾಯಿಗೆ ಸಿಗದಂತೆ ಮಾಡಿದರು. ಹೊಸ ಸೋಂಕು ನಿಂತಮೇಲೂ ಮುದುಕರಲ್ಲಿ ಹಳೆಯ ಸಿಸ್ಟ್‌ಗಳು ದಶಕಗಳವರೆಗೆ ಸಿಗುತ್ತಲೇ ಇದ್ದವು. ಆ ಮುದುಕರನ್ನು ಎಣಿಸಿದವನು 'ರೋಗ ಇನ್ನೂ ಇದೆ' ಎನ್ನುತ್ತಿದ್ದ. ರೋಗಿಗಳು ಇದ್ದರು, ಹರಡುವಿಕೆ ಸತ್ತುಹೋಗಿತ್ತು. ನ್ಯೂಜಿಲೆಂಡ್ 1959ರಲ್ಲಿ ಹೈಡಾಟಿಡ್ ಕಾಯಿದೆ ತಂದು 2002ರಲ್ಲಿ 'ತಾತ್ಕಾಲಿಕವಾಗಿ ಮುಕ್ತ' ಎಂದು ಘೋಷಿಸಿಕೊಂಡಿತು. ನಲವತ್ತಮೂರು ವರ್ಷ!

ನಿಮ್ಮ ಪಟ್ಟಿಯ ಸರಾಸರಿ ವಯಸ್ಸು ಬರೆದು ಕೈತೊಳೆದುಕೊಳ್ಳಬೇಡಿ. ಹದಿನೈದರ ಕೆಳಗಿನವರು ಯಾವ ವರ್ಷ ಎಷ್ಟು ಮಂದಿ ಬಂದರು ಎಂಬುದನ್ನು ಬೇರೆಯಾಗಿ ತೋರಿಸಿ.

ಹಳೇ ಕತ್ತರಿ · ಬುಧವಾರ ರಾತ್ರಿ 8:25

ಮಕ್ಕಳ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. ಅವರಲ್ಲಿ ಶ್ವಾಸಕೋಶದ ಪಾಲು ದೊಡ್ಡವರಿಗಿಂತ ಹೆಚ್ಚು. ಎದೆಯ ಶಸ್ತ್ರಚಿಕಿತ್ಸಕರ ರಿಜಿಸ್ಟರ್ ಬೇರೆ ಇದ್ದು ನೀವು ಹೊಟ್ಟೆಯ ಸರ್ಜನ್‌ಗಳದ್ದನ್ನು ಮಾತ್ರ ನೋಡಿದ್ದರೆ ಆ ಮಕ್ಕಳು ನಿಮ್ಮ ಲೆಕ್ಕದಲ್ಲೇ ಇಲ್ಲ. ನಿಮ್ಮ ಪಟ್ಟಿಯಲ್ಲಿ ಶ್ವಾಸಕೋಶ 'ಬಹಳ ಹಿಂದೆ' ಬಿದ್ದದ್ದಕ್ಕೂ ಅದೇ ಕಾರಣವಿರಬಹುದು.

ಶ್ವಾಸಕೋಶ ಹಿಂಜಿದ ಹತ್ತಿಯಂತೆ, ಸಿಸ್ಟ್ ಬೆಳೆಯಲು ಎಡೆಮಾಡಿಕೊಡುತ್ತದೆ. ಕೆಲವರು ಒಂದು ದಿನ ಇದ್ದಕ್ಕಿದ್ದಂತೆ ಕೆಮ್ಮಿ, ಬಾಯಿತುಂಬ ಉಪ್ಪುನೀರು, ಜೊತೆಗೆ ದ್ರಾಕ್ಷಿಸಿಪ್ಪೆಯಂಥ ಪರೆ ಉಗುಳುತ್ತಾರೆ. ಅಂಥವರನ್ನು ಕ್ಷಯವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವರೂ ಯಾವುದೋ ಬೇರೆ ರೋಗದ ರಿಜಿಸ್ಟರಿನಲ್ಲಿ ಎಣಿಕೆಯಾಗಿರುತ್ತಾರೆ.

ಕಿರಿಯ ಸರ್ಜನ್ · ಗುರುವಾರ ರಾತ್ರಿ 10:50

ಎರಡು ದಿನ ನಾಪತ್ತೆಯಾಗಿದ್ದೆ, ಕ್ಷಮಿಸಿ. ಎದೆ ವಿಭಾಗದ ರಿಜಿಸ್ಟರ್, ಪೇರ್ ಪುಸ್ತಕ, ಪೆಥಾಲಜಿ ವರದಿ ಮೂರನ್ನೂ ತಂದು ಹರಡಿಕೊಂಡು ಕೂತಿದ್ದೇನೆ. ಪೆಥಾಲಜಿಯವರು ಹೇಳಿದ್ದು ನಿಜ: ಹೈಡಾಟಿಡ್ ಎಂದು ಬರೆದವುಗಳಲ್ಲಿ ಕೆಲವು ಹೈಡಾಟಿಡ್ ಅಲ್ಲವೇ ಅಲ್ಲ. ಪೇರ್ ಶುರುವಾದ ವರ್ಷದಿಂದಲೇ ನನ್ನ 'ಇಳಿಕೆ' ಕೂಡ ಶುರುವಾಗಿದೆ. ಒಬ್ಬರೇ ರೋಗಿ ಎರಡು ವಿಭಾಗಗಳಲ್ಲಿ ಎರಡು ನಂಬರು ಹೊತ್ತು ಕೂತಿರುವುದೂ ಸಿಕ್ಕಿತು. ಮೊದಲು ಶ್ವಾಸಕೋಶ, ಆಮೇಲೆ ಯಕೃತ್ತು.

ಪ್ರಬಂಧದ ಹೆಸರನ್ನು 'ಶಸ್ತ್ರಚಿಕಿತ್ಸೆಗೆ ಒಳಗಾದ ಹೈಡಾಟಿಡ್ ರೋಗಿಗಳ ಲಕ್ಷಣಗಳು' ಎಂದು ಬದಲಿಸಲು ಅರ್ಜಿ ಕೊಟ್ಟಿದ್ದೇನೆ. ಮಾರ್ಗದರ್ಶಕರು ಈ ಸಲ ಗೆರೆ ಎಳೆಯಲಿಲ್ಲ. ವಿಳಾಸದ ಕಾಲಂ ಅರ್ಧಕ್ಕರ್ಧ ಖಾಲಿ ಇದೆ, ಅದಕ್ಕೇನು ಮಾಡಲಿ?

ಛೇದ ಎಲ್ಲಿ · ಗುರುವಾರ ರಾತ್ರಿ 11:05

ಖಾಲಿ ಇದೆ ಎಂದೇ ಬರೆಯಿರಿ. ತುಂಬಿದ ಅರ್ಧದಿಂದ ನಕ್ಷೆ ಮಾಡಬೇಡಿ.

ಕಪ್ಪು ಬಿಳುಪು · ಶುಕ್ರವಾರ ಬೆಳಿಗ್ಗೆ 7:30

ಶ್ವಾಸಕೋಶದಲ್ಲಿ ಸಿಕ್ಕವರೆಲ್ಲರ ಹೊಟ್ಟೆಯನ್ನೂ, ಯಕೃತ್ತಿನಲ್ಲಿ ಸಿಕ್ಕವರೆಲ್ಲರ ಎದೆಯನ್ನೂ ನೋಡಿದ್ದರೋ ಇಲ್ಲವೋ ಎಂಬ ಕಾಲಂ ಸೇರಿಸಿ. 'ಎರಡೂ ಅಂಗ' ಎಂಬ ಗುಂಪು ಚಿಕ್ಕದಾಗಿದ್ದರೆ ಅದು ಅಪರೂಪವೋ, ಯಾರೂ ನೋಡಲಿಲ್ಲವೋ ಎಂದು ಓದುಗನಿಗೆ ತಿಳಿಯಬೇಕು.

ಎರಡು ಸಲ ಮಲಗಿದವರೇ, ನಿಮಗೂ ಒಂದು ಮಾತು. ಒಂದೇ ಮನೆ, ಒಂದೇ ಅಂಗಳ, ಅದೇ ನಾಯಿಯ ಜೊತೆ ಬೆಳೆದ ಒಡಹುಟ್ಟಿದವರು ಇದ್ದರೆ ಒಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ನಿಮ್ಮಿಂದ ಅವರಿಗೆ ತಗುಲಿದೆ ಎಂದಲ್ಲ. ನಿಮಗೆ ಎಲ್ಲಿಂದ ಬಂತೋ ಅಲ್ಲಿಂದಲೇ ಅವರಿಗೂ ಬಂದಿರಬಹುದು.

ಎರಡು ಸಲ ಮಲಗಿದವನು · ಮುಂದಿನ ಗುರುವಾರ ಸಂಜೆ 6:15

ಅಣ್ಣನನ್ನು ಕರೆದುಕೊಂಡು ಹೋಗಿದ್ದೆ. ಬರಲು ಒಪ್ಪುತ್ತಲೇ ಇರಲಿಲ್ಲ, 'ನನಗೇನಾಗಿದೆ' ಎನ್ನುತ್ತಿದ್ದ. ಯಕೃತ್ತಿನಲ್ಲಿ ಒಂದು ಸಿಕ್ಕಿತು, ಸುತ್ತಲೂ ಸುಣ್ಣ. ವರದಿಯಲ್ಲಿ ಸಿಇ5 ಎಂದು ಬರೆದಿದ್ದಾರೆ. ಇಷ್ಟು ವರ್ಷ ಒಂದು ದಿನವೂ ಹೊಟ್ಟೆನೋವು ಎಂದವನಲ್ಲ. ಈಗ ಅವನಿಗೂ ಆಪರೇಷನ್ನೋ ಎಂದು ಅತ್ತಿಗೆ ಹೆದರಿಕೊಂಡಿದ್ದಾರೆ.

ಕಪ್ಪು ಬಿಳುಪು · ಮುಂದಿನ ಗುರುವಾರ ಸಂಜೆ 6:40

ತೊಂದರೆ ಇಲ್ಲದ ಸಿಇ5ಗೆ ಆಪರೇಷನ್ನೂ ಬೇಡ, ಮಾತ್ರೆಯೂ ಬೇಡ. ಹಂತ ಸರಿಯಾಗಿ ಗುರುತಿಸಿದ್ದಾರೆಯೇ ಎಂದು ಈ ರೋಗ ಬಲ್ಲ ಇನ್ನೊಬ್ಬರಿಗೆ ಚಿತ್ರ ತೋರಿಸಿ, ಆಮೇಲೆ ಅವರು ಹೇಳಿದ ಅಂತರದಲ್ಲಿ ಸ್ಕ್ಯಾನ್ ಮಾಡಿಸುತ್ತಿದ್ದರೆ ಆಯಿತು. ಅತ್ತಿಗೆಯವರಿಗೆ ಧೈರ್ಯ ಹೇಳಿ.

ಕಿರಿಯ ಸರ್ಜನ್ · ಮುಂದಿನ ಗುರುವಾರ ರಾತ್ರಿ 9:00

ನಿಮ್ಮ ಅಣ್ಣನನ್ನು ನನ್ನ ಪಟ್ಟಿಗೆ ಸೇರಿಸಿಕೊಳ್ಳುವ ಆಸೆಯಾಗುತ್ತಿದೆ.

ಛೇದ ಎಲ್ಲಿ · ಮುಂದಿನ ಗುರುವಾರ ರಾತ್ರಿ 9:04

ಸೇರಿಸುವಂತಿಲ್ಲ. ಅವರಿಗೆ ಆಪರೇಷನ್ ಆಗಿಲ್ಲವಲ್ಲ.